ಚುಕ್ಕಿ, ಗೆರೆ, ತೆರಪು: ಗಣಕದ ಕನ್ನಡದಲ್ಲಿ ವಿರಾಮಚಿಹ್ನೆಗಳ ವಿಚಾರ

1925ರ ಫೆಬ್ರವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಹೊರಟು ಬಂದು ಸೇರಿದ್ದು ಕುರ್ಲಾ ನಿಲ್ದಾಣವನ್ನು. ಈಗ ಅಲ್ಲಿ ಪ್ರಯಾಣಿಕರ ಸಲುವಾಗಿ ಹಾಕುವ ಸೂಚನೆಗಳು ಮರಾಠಿ, ಹಿಂದಿ, ಇಂಗ್ಲಿಷ್ ಎಂಬ ಮೂರು ಭಾಷೆಗಳಲ್ಲಿರುತ್ತವೆ. ಇವುಗಳಲ್ಲಿ ಮೊದಲ ಎರಡರ ಲಿಪಿ ಒಂದೇ. ಆದರೂ ಹಿಂದಿಯ ವಾಕ್ಯ ಮುಗಿದೆಡೆಯಲ್ಲಿ ಒಂದು ನೆಟ್ಟನೆಯ ಗೆರೆಯನ್ನೆಳೆಯುವುದೂ ಮರಾಠಿಯ ವಾಕ್ಯ ಮುಗಿದೆಡೆಯಲ್ಲಿ ಒಂದು ಚುಕ್ಕಿಯನ್ನಿಡುವುದೂ ವಾಡಿಕೆ. ದಿನವೂ ಆ ಫಲಕಗಳ ಕೆಳಗೆ ಹಾದುಹೋಗುವ ಕನ್ನಡಿಗರಲ್ಲಿ ಈ ಭೇದವನ್ನು ಲಕ್ಷಿಸಿದವರು ವಿರಳವೆನ್ನಬೇಕು. ಆದರೆ ಅದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ವಿರಾಮಚಿಹ್ನೆಯು ಲಿಪಿಯೊಡನೆ ಹುಟ್ಟಿ ಬಂದುದಲ್ಲ, ಯಾರೋ, ಎಲ್ಲಿಯೋ, ಒಂದು ಕಾಲದಲ್ಲಿ ತೀರ್ಮಾನಿಸಿ ತಂದಿರಿಸಿದುದು.

ಮರಾಠಿಯ ಮಟ್ಟಿಗೆ ಆ ತೀರ್ಮಾನದ ಇತಿಹಾಸ ತಕ್ಕಮಟ್ಟಿಗೆ ತಿಳಿದಿದೆ. ಮೋಲ್ಸ್‌ವರ್ತನ ನಿಘಂಟಿನ ಕಾರ್ಯದಲ್ಲಿ ಸಹಾಯಕನಾಗಿದ್ದು, ಮುಂದೆ ಪುಣೆಯ ಸಂಸ್ಕೃತ ಪಾಠಶಾಲೆಯ ಮೇಲ್ವಿಚಾರಕನಾಗಿ ಸರಕಾರದ ಮರಾಠಿ ಪಠ್ಯಪುಸ್ತಕಗಳನ್ನು ತಿದ್ದುವ ಹೊಣೆ ಹೊತ್ತ ಮೇಜರ್ ಥಾಮಸ್ ಕ್ಯಾಂಡಿ (1804-1877) ಇಂಗ್ಲಿಷಿನ ವಿರಾಮಚಿಹ್ನೆಗಳನ್ನು ಮರಾಠಿ ಗದ್ಯದಲ್ಲಿ ನೆಲೆಗೊಳಿಸಿದವನೆಂದು ಪ್ರಸಿದ್ಧಿ. ಆ ಚಿಹ್ನೆಗಳ ಪರಿಭಾಷೆಯನ್ನು ವಿವರಿಸುವ ಚಿಕ್ಕ ಪುಸ್ತಕವೊಂದನ್ನು ಅವನು 1850ರಲ್ಲಿಯೇ ಬರೆದನು. ಲೇಖಕರ ಪ್ರತಿಗಳನ್ನು ಹಿಡಿದು ಇಲ್ಲಿ ಅಲ್ಪವಿರಾಮ, ಅಲ್ಲಿ ಅರ್ಧವಿರಾಮ ಎಂದು ತಿದ್ದುತ್ತ ಕುಳಿತ ಆ ಅಧಿಕಾರಿಯ ಶ್ರಮದ ಫಲವನ್ನು ಇಂದಿಗೂ ಮುಂಬಯಿಯ ಮರಾಠಿ ಫಲಕಗಳು ಅನುಭವಿಸುತ್ತಿವೆ. ಧಾರವಾಡ, ಬೆಳಗಾವಿ, ವಿಜಾಪುರಗಳೂ 1862ರಿಂದೀಚೆಗೆ ಉತ್ತರ ಕನ್ನಡವೂ ಇದೇ ಮುಂಬಯಿ ಇಲಾಖೆಯ ಆಡಳಿತಕ್ಕೆ ಒಳಪಟ್ಟಿದ್ದುವಾದ್ದರಿಂದ ಕನ್ನಡದ ಶಾಲಾಪುಸ್ತಕಗಳೂ ಅದೇ ಬಗೆಯ ಶಿಸ್ತಿನ ಛಾಯೆಯಲ್ಲಿಯೇ ಬೆಳೆದುವೆಂಬುದು ಸಹಜ. ಆದರೆ ಕನ್ನಡಕ್ಕೆ ಒಬ್ಬ ಕ್ಯಾಂಡಿಯೆಂದು ಬೆರಳಿಟ್ಟು ತೋರಿಸುವುದು ಸಾಧ್ಯವಿಲ್ಲ. ಶ್ರೀರಾಮಪುರದಲ್ಲಿ ಕೇರಿಯ ವ್ಯಾಕರಣ 1817ರಲ್ಲಿ ಅಚ್ಚಾದುದು ಮೊದಲ್ಗೊಂಡು, ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿ, 1843ರಲ್ಲಿ ಮೋಗ್ಲಿಂಗನು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದಲ್ಲಿಯವರೆಗೆ ಹಲವು ಕೈಗಳು ಸೇರಿ ಆ ಕೆಲಸವನ್ನು ಮಾಡಿದುವು. ಅಕ್ಷರದ ಮೊಳೆಗಳನ್ನು ಕನ್ನಡಕ್ಕೆಂದೇ ಕೊರೆಯಿಸಬೇಕಾಯಿತು. ಚುಕ್ಕಿ, ಕೊಂಕುಗಳ ಆಕಾರ ಮಾತ್ರ ರೋಮನ್ ಅಚ್ಚಿನಲ್ಲಿದ್ದುದೇ ಬಂದಿತು.

ಇದಕ್ಕೆ ಮೊದಲು ಕನ್ನಡದಲ್ಲಿ ಏನಿತ್ತು? ಹಲ್ಮಿಡಿಯ ಶಾಸನದಂಥ ಪ್ರಾಚೀನ ಬರಹಗಳಲ್ಲಿ ಪದಪದಗಳ ನಡುವೆ ತೆರಪಿಲ್ಲ. ಓಲೆಗರಿಯಲ್ಲಿಯೂ ಅಷ್ಟೇ, ಪದ್ಯ ಮುಗಿದಾಗ ಎರಡು ಗೆರೆ, ನಡುವೆ ಪದ್ಯದ ಸಂಖ್ಯೆ, ಮತ್ತೆ ಎರಡು ಗೆರೆ. ಗದ್ಯಕ್ಕೆ ಆ ಉಪಚಾರವೂ ಕಡಿಮೆ. 'ವಡ್ಡಾರಾಧನೆ'ಯನ್ನು ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಸಂಪಾದಿಸಿ ಪ್ರಕಟಿಸಿದಾಗ ವಾಚಕರ ಕೈಗೆ ಬಂದ ವಾಕ್ಯವಿಭಾಗ, ಚಿಹ್ನೆಗಳು ಸಂಪಾದಕರ ವಿವೇಚನೆಯ ಫಲಗಳೇ ಹೊರತು ಓಲೆಯವಲ್ಲ. ಫ. ಗು. ಹಳಕಟ್ಟಿಯವರ 1923ರ 'ವಚನಶಾಸ್ತ್ರಸಾರ'ದಿಂದ ಈಚೆಗೆ ವಚನಗಳನ್ನು ಸಾಲು ಸಾಲಾಗಿ ಒಡೆದು ಅಚ್ಚು ಹಾಕುವ ಪದ್ಧತಿ ಬೆಳೆದುದಾದರೂ ಹೀಗೆಯೇ. ಒಂದು ಅಲ್ಪವಿರಾಮವನ್ನು ಎಲ್ಲಿಡಬೇಕೆಂಬ ನಿರ್ಣಯದಲ್ಲಿ ಅರ್ಥನಿರ್ಣಯವೇ ಅಡಗಿದೆಯೆಂಬುದನ್ನು ಗ್ರಂಥಸಂಪಾದನೆ ಮಾಡಿದವರು ಬಲ್ಲರು.

ಹಾಗಾದರೆ ಚಿಹ್ನೆಗಳಿಲ್ಲದೆ ಸಾವಿರಕ್ಕೂ ಮಿಗಿಲಾದ ವರ್ಷಗಳ ಕಾಲ ಕನ್ನಡವನ್ನು ಓದಿದ್ದು ಹೇಗೆ? ಇದಕ್ಕೆ ಉತ್ತರ ಭಾಷೆಯ ರಚನೆಯಲ್ಲಿಯೇ ಇದೆ. ಇಂಗ್ಲಿಷಿನಲ್ಲಿ ಒಬ್ಬನ ಮಾತು ಎಲ್ಲಿಗೆ ಮುಗಿಯಿತೆಂದು ತಿಳಿಯಲು ಉದ್ಧರಣಚಿಹ್ನೆ ಬೇಕು. ಕನ್ನಡದಲ್ಲಿ 'ಎಂದು' ಬಂದಿತೆಂದರೆ ಮಾತು ಮುಗಿಯಿತು. ಇಂಗ್ಲಿಷಿನಲ್ಲಿ ಪಟ್ಟಿಯ ವಸ್ತುಗಳನ್ನು ಬೇರ್ಪಡಿಸಲು ಕೊಂಕು ಬೇಕು. ಕನ್ನಡದಲ್ಲಿ 'ತಾಯಿಯೂ ತಂದೆಯೂ ಗುರುವೂ' ಎಂಬಲ್ಲಿ ಉಕಾರವೇ ಆ ಕೆಲಸವನ್ನು ನಿರ್ವಹಿಸುತ್ತದೆ. 'ಬಂದನೆ' ಎಂದಮೇಲೆ ಪ್ರಶ್ನಾರ್ಥಕಚಿಹ್ನೆ ಅಲಂಕಾರ ಮಾತ್ರ. ಪೂರ್ಣಕ್ರಿಯಾಪದ ಬಂದಲ್ಲಿ ವಾಕ್ಯ ನಿಂತಿತು. 'ಹೋಗಿ', 'ನೋಡುತ್ತ', 'ಬಂದರೆ' ಎಂಬವು ಇದ್ದಲ್ಲಿ ಇನ್ನೂ ನಡೆಯುತ್ತಿದೆ. ವಿರಾಮವು ಇಲ್ಲಿ ಪದದ ಕೊನೆಯಲ್ಲಿ ಪ್ರತ್ಯಯವಾಗಿ ಕುಳಿತಿದೆ. ಪದ್ಯದಲ್ಲಿ ಕೂಡ ಸಂಸ್ಕೃತದ ಯತಿನಿಯಮವನ್ನು ದಾಟಿ ಹೋಗುವುದನ್ನು ಕನ್ನಡ ಕವಿಗಳು ದೋಷವೆಂದು ಎಣಿಸದೆ ಪ್ರಾಸವನ್ನೇ ನಿತ್ಯವೆಂದು ಹಿಡಿದುದು ಇಲ್ಲಿ ನೆನೆಯಬೇಕಾದ ಸಂಗತಿ. ಅಚ್ಚಿನ ಯುಗವು ಈ ಪ್ರತ್ಯಯಗಳ ಮೇಲೆ ಚಿಹ್ನೆಗಳನ್ನು ಎರಡನೆಯ ಪದರವಾಗಿ ಹೊದಿಸಿತು. ಎರಡೂ ಜೊತೆಯಲ್ಲಿ ಬಾಳಿದುವು, ಯಾರಿಗೂ ತೊಂದರೆಯಾಗಲಿಲ್ಲ. ತೊಂದರೆ ತಲೆದೋರಿದುದು ಗಣಕಯಂತ್ರದಲ್ಲಿ. ಅಲ್ಲಿ ಚಿಹ್ನೆಯನ್ನು ಓದುವವನು ಮನುಷ್ಯನೊಬ್ಬನೇ ಅಲ್ಲ.

ಗಣಕಕ್ಕೆ ಕನ್ನಡವನ್ನು ಒಗ್ಗಿಸಿದ ಕಾರ್ಯದಲ್ಲಿ ಮುಂಬಯಿಯ ಪಾಲು ಇಲ್ಲಿನ ಕನ್ನಡಿಗರು ತಿಳಿದಿರುವುದಕ್ಕಿಂತ ಹೆಚ್ಚಿನದು. ನುಡಿ ತಂತ್ರಾಂಶಕ್ಕೆ ಆಧಾರವಾದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕಿನ್ನಿಕಂಬಳದ ಕೆ. ಪಿ. ರಾಯರು ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದವರು. 2001ರಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿಯೊಡನೆ ಲಕ್ಷಾಂತರ ಗಣಕಗಳಿಗೆ ತಲುಪಿದ 'ತುಂಗಾ' ಎಂಬ ಕನ್ನಡ ಅಕ್ಷರಮಾದರಿಯ ನಿರ್ದೇಶಕರು ಮುಂಬಯಿಯ ಲಿಪಿಕಲಾವಿದ ರಘುನಾಥ ಜೋಶಿಯವರು. ತುಂಗೆಯ ಹೆಸರನ್ನು ಹೊತ್ತ ಕನ್ನಡ ಅಕ್ಷರಗಳು ಮರಾಠಿ ಕಲಾವಿದರ ಕಣ್ಗಾವಲಿನಲ್ಲಿ ಸಿದ್ಧವಾದುದು ಈ ನಗರದ ಸ್ವಭಾವಕ್ಕೆ ಒಪ್ಪುವ ಸಂಗತಿಯೇ ಆಗಿದೆ.

ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ಅಂಗೀಕರಿಸಿದ 'ಇಸ್ಕಿ' ಸಂಕೇತಪದ್ಧತಿ ಬ್ರಾಹ್ಮೀಮೂಲದ ಲಿಪಿಗಳಿಗೆಲ್ಲ ಒಂದೇ ಸಂಕೇತಸಾಲನ್ನು ನಿಯಮಿಸಿತು. ಅದೇ ವರ್ಷ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿ ಇಸ್ಕಿಯ ಹಿಂದಿನ ರೂಪವನ್ನು ಅನುಸರಿಸಿ, ಆದರೆ ಪ್ರತಿಯೊಂದು ಲಿಪಿಗೂ ಬೇರೆ ಬೇರೆ ಕೋಷ್ಟಕವನ್ನು ಕೊಟ್ಟಿತು. ಕನ್ನಡಕ್ಕೂ ಒಂದು ಕೋಷ್ಟಕ ದೊರೆಯಿತು. ಆ ಕೋಷ್ಟಕದಲ್ಲಿ ಪದ್ಯದ ಕೊನೆಗೆ ಹಾಕುವ ಗೆರೆಗೆ ಮಾತ್ರ ಸ್ಥಾನವಿಲ್ಲ. ಒಂಟಿ ಗೆರೆ, ಜೋಡಿಗೆರೆಗಳೆರಡೂ ದೇವನಾಗರಿಯ ಕೋಷ್ಟಕದಲ್ಲಿವೆ. ಹೆಸರೂ 'ದೇವನಾಗರಿ ದಂಡ'ವೆಂದೇ. ಉಳಿದ ಲಿಪಿಗಳವರು ಅದನ್ನೇ ಬಳಸತಕ್ಕದ್ದೆಂದು ಯೂನಿಕೋಡಿನ ವಿಧಿ. ಪಂಪನ ಪದ್ಯವನ್ನೋ ಕುಮಾರವ್ಯಾಸನ ಷಟ್ಪದಿಯನ್ನೋ ಗಣಕದಲ್ಲಿ ಬೆರಳಚ್ಚಿಸಿದವನು ಪದ್ಯದ ಕೊನೆಯಲ್ಲಿ ತಿಳಿದೋ ತಿಳಿಯದೆಯೋ ನಾಗರಿಯ ಮನೆಗೆ ಹೋಗಿ ಗೆರೆಯನ್ನು ಕಡ ತಂದಂತಾಗುತ್ತದೆ. ಇದನ್ನು ಅನ್ಯಾಯವೆಂದು ಕೂಗಾಡುವುದು ಅನಗತ್ಯ, ಗೆರೆಗೆ ಲಿಪಿಭೇದವಿಲ್ಲ. ಶಾಸನಗಳ ಆರಂಭದಲ್ಲಿ ಕೊರೆಯುತ್ತಿದ್ದ 'ಸಿದ್ಧಂ' ಎಂಬ ಮಂಗಳಚಿಹ್ನೆಗೆ ಕನ್ನಡದ ಕೋಷ್ಟಕದಲ್ಲಿಯೇ 2018ರಲ್ಲಿ ಪ್ರತ್ಯೇಕ ಸ್ಥಾನ ದೊರೆತಿರುವುದನ್ನೂ ಹೇಳಬೇಕು.

ಇದಕ್ಕಿಂತ ದೊಡ್ಡ ಹಾನಿ ನಡೆಯುತ್ತಿರುವುದು ಕಣ್ಣಿಗೆ ಒಂದೇ ಆಗಿ ಕಾಣುವ ಗುರುತುಗಳಿಂದ. 'ದುಃಖ' ಎಂಬಲ್ಲಿ ವಿಸರ್ಗದ ಎರಡು ಸೊನ್ನೆಗಳಿವೆ. ಅವಸರದ ಬೆರಳಚ್ಚುಗಾರನು ಅದರ ಬದಲು ಇಂಗ್ಲಿಷಿನ ವಿವರಣಚಿಹ್ನೆಯ ಎರಡು ಚುಕ್ಕಿಗಳನ್ನಿಟ್ಟು 'ದು:ಖ' ಎಂದು ಮುಗಿಸಿಬಿಡುತ್ತಾನೆ. ಓದುವವನಿಗೆ ವ್ಯತ್ಯಾಸ ಕಾಣದು. ಗಣಕಕ್ಕಾದರೋ ಅದು ಒಂದು ಪದವಲ್ಲ, 'ದು' ಮತ್ತು 'ಖ' ಎಂಬ ಎರಡು ಚೂರುಗಳು, ನಡುವೆ ಒಂದು ವಿರಾಮ. ಸರಿಯಾಗಿ ಬರೆದ 'ದುಃಖ'ವನ್ನು ಹುಡುಕಿದವನಿಗೆ ಈ ದುಃಖ ಸಿಗುವುದಿಲ್ಲ. ಕನ್ನಡದ ಸೊನ್ನೆಯೂ ಅನುಸ್ವಾರವೂ ಆಕಾರದಲ್ಲಿ ಸೋದರರಾದುದರಿಂದ ಒಂದರ ಎಡೆಯಲ್ಲಿ ಇನ್ನೊಂದನ್ನು ಒತ್ತುವ ಪ್ರಮಾದವೂ ಇದೇ ಜಾತಿಯದು. ಮೊಳೆಯಚ್ಚಿನ ಕಾಲದಲ್ಲಿ ಪೆಟ್ಟಿಗೆಯಲ್ಲಿ ಅನುಸ್ವಾರ ಮುಗಿದುಹೋದಾಗ ಜೋಡಣೆಗಾರನು ಸೊನ್ನೆಯಿಟ್ಟು ಪಾರಾದರೆ ಅದು ಜಾಣತನವೆನಿಸುತ್ತಿತ್ತು. ಈಗ ಅದೇ ಜಾಣತನದಿಂದ ಪದವು ಸೂಚಿಯಿಂದಲೇ ಕಳೆದುಹೋಗುತ್ತದೆ.

ಕಾಣದೆಯೇ ಇರುವ ಚಿಹ್ನೆಯೊಂದುಂಟು. ಅದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕನ್ನಡದಲ್ಲಿ ವ್ಯಂಜನದ ಮೇಲೆ ವ್ಯಂಜನ ಬಂದರೆ ಎರಡನೆಯದು ಒತ್ತಾಗಿ ಕೆಳಗಿಳಿಯುವುದು ಸ್ವಭಾವ. 'ಸಾಫ್ಟ್‌ವೇರ್' ಎಂಬ ಅನ್ಯದೇಶ್ಯ ಪದದಲ್ಲಿ ಟಕಾರಕ್ಕೆ ವಕಾರವು ಒತ್ತಾಗಬಾರದು. ಅಲ್ಲಿ ಉಚ್ಚಾರಣೆ ಒಡೆಯುತ್ತದೆ. ಮೊಳೆಯಚ್ಚಿನಲ್ಲಿ ಅರೆಯಕ್ಷರದ ಮೊಳೆಯನ್ನು ಇಟ್ಟರೆ ಮುಗಿಯಿತು. ಗಣಕವು ತನ್ನ ನಿಯಮದಂತೆ ಒತ್ತು ಕೊಟ್ಟು 'ಸಾಫ್ಟ್ವೇರ್' ಎಂದು ಹೆಣೆದುಬಿಡುತ್ತದೆ. ಇದನ್ನು ತಡೆಯಲು ಇಸ್ಕಿಯಲ್ಲಿ ಹಲಂತವನ್ನು ಎರಡು ಸಲ ಹಾಕುವ ಉಪಾಯವಿತ್ತು. ಯೂನಿಕೋಡಿನಲ್ಲಿ ಅದಕ್ಕೆ ಬದಲಾಗಿ, ಪಾರಸಿಯ ಬರಹದಲ್ಲಿ ವಿಪುಲವಾಗಿ ಬಳಕೆಯಲ್ಲಿರುವ, ಅಗಲವೇ ಇಲ್ಲದ ಒಂದು ಬಿಡಿಸುಗುರುತನ್ನು ಹಲಂತದ ಮುಂದೆ ಇಡಬೇಕು. ಅದಕ್ಕೆ ರೂಪವಿಲ್ಲ, ಅದರ ಫಲ ಮಾತ್ರ ಕಾಣುತ್ತದೆ. ಕನ್ನಡದ ಇತಿಹಾಸದಲ್ಲಿ ಶೂನ್ಯಾಕಾರದ ಲೇಖನಚಿಹ್ನೆ ಇದೇ ಮೊದಲನೆಯದಿರಬೇಕು!

ರೂಪವಿಲ್ಲದ ವಸ್ತುವನ್ನು ತಿದ್ದುವುದು ಹೇಗೆ? 'ಬ್ಯಾಂಕ್' ಎಂದು ಬರೆದು ಕೊನೆಯಲ್ಲಿ ಈ ಗುರುತನ್ನು ಅನವಶ್ಯಕವಾಗಿ ಸೇರಿಸಿದರೂ ಕಾಗದದ ಮೇಲೆ ಅದು 'ಬ್ಯಾಂಕ್' ಆಗಿಯೇ ಉಳಿಯುತ್ತದೆ. ಗಣಕಕ್ಕೆ ಮಾತ್ರ ಅದು ಬೇರೊಂದು ಪದ. ಎರಡು ಖಾತೆಗಳಿಗೆ ಒಂದೇ ಹೆಸರು ಇದ್ದಂತೆ ಕಂಡು, ಲೆಕ್ಕ ತಾಳೆನೋಡುವಾಗ ಕೂಡಿಬಾರದ ಸ್ಥಿತಿಯಿದು. ಆ ಗುರುತನ್ನು ಸಂಪೂರ್ಣವಾಗಿ ತೆಗೆದುಹಾಕಿದರೆ 'ರಾಜ್‌ಕುಮಾರ್' ಎಂಬುದು 'ರಾಜ್ಕುಮಾರ್' ಆಗುತ್ತದೆ. ಹುಡುಕುವಾಗ ಗಣಕವು ಈ ಗುರುತನ್ನು ಉಪೇಕ್ಷಿಸುವಂತೆಯೂ ತೋರಿಸುವಾಗ ಪಾಲಿಸುವಂತೆಯೂ ಏರ್ಪಡಿಸುವುದೊಂದೇ ಯುಕ್ತವಾದ ಮಾರ್ಗ. ಅದು ಎಲ್ಲೆಡೆಯಲ್ಲಿಯೂ ಆಗಿಲ್ಲ.

ಇನ್ನು ತಂತ್ರಾಂಶದ ಕೈಪಿಡಿ ಮತ್ತು ಸಹಾಯಪುಟಗಳ ಭಾಷೆಗೆ ಬರಬಹುದು. ಗ್ನೋಮ್, ಕೆಡಿಇ, ಫೈರ್‌ಫಾಕ್ಸ್ ಮೊದಲಾದ ಮುಕ್ತ ತಂತ್ರಾಂಶಗಳನ್ನು ಕನ್ನಡಿಸಿದವರು ಪಟ್ಟಿಯ ಮೊದಲ ಸಾಲಿಗೆ ಆಯ್ದ ಪದ 'ಕಡತ'. ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಸಾಧನವದು. ವರ್ತಕರ ಲೇವಾದೇವಿಯೂ ಶೃಂಗೇರಿಯಂಥ ಮಠಗಳ ವ್ಯವಹಾರವೂ ಅದರಲ್ಲಿ ಉಳಿದುಬಂದಿವೆ. ಸರಕಾರಿ ಕಚೇರಿಯ ಕಾಗದದ ಕಟ್ಟಿಗೆ ಆ ಹೆಸರು ಸಂದಿತು. ಅಲ್ಲಿಂದ ಗಣಕದ ತೆರೆಗೆ ಏರಿತು. ಹೊಸದಾಗಿ ಟಂಕಿಸಿದ ಎಷ್ಟೋ ಪದಗಳಿಗಿಂತ ಇದು ಸಹಜವಾಗಿ ನಿಂತಿದೆ. ಆದರೆ ಆ ಪದದ ಪಕ್ಕದಲ್ಲಿ ಕಂಸದೊಳಗೆ ಒಂಟಿ ರೋಮನ್ ಅಕ್ಷರವೊಂದು ಕುಳಿತಿರುವುದನ್ನು ಗ್ನೋಮಿನ ಕನ್ನಡದಲ್ಲಿ ಕಾಣಬಹುದು. ಕೀಲಿಯೊತ್ತಿ ಪಟ್ಟಿಯನ್ನು ತೆರೆಯಲು ಆ ಅಕ್ಷರ ಬೇಕು. ಕನ್ನಡ ಪದದಲ್ಲಿ ಅದಿಲ್ಲವಾದ್ದರಿಂದ ಕಂಸದಲ್ಲಿ ಹಾಕಿದರು. ಕನ್ನಡಕ್ಕೆ ಸಂಬಂಧವೇ ಇಲ್ಲದ ಈ ಕಂಸವನ್ನು ಯಾವ ವ್ಯಾಕರಣವೂ ವಿವರಿಸದು, ಯಾವ ಸಂಪಾದಕನೂ ತೆಗೆಯುವಂತಿಲ್ಲ. ಹಾಗೆಯೇ 'ಹೀಗೆ ಉಳಿಸು' ಎಂಬುದರ ಮುಂದಿನ ಮೂರು ಚುಕ್ಕಿಗಳು. ಕಥೆಗಾರನ ಕೈಯಲ್ಲಿ ಆ ಚುಕ್ಕಿಗಳು ಹೇಳದೆ ಬಿಟ್ಟ ಮಾತಿಗೆ ಸಂಕೇತ; ಇಲ್ಲಿಯಾದರೋ 'ಒತ್ತಿದಮೇಲೆ ಇನ್ನೂ ವಿವರ ಕೇಳಲಾಗುತ್ತದೆ' ಎಂಬ ನಿಶ್ಚಿತ ಸೂಚನೆ. ನಿರರ್ಥಕವೆಂದು ತೆಗೆದವನು ಅರ್ಥವನ್ನೇ ತೆಗೆದಂತಾಗುವುದು.

ಉಳಿಸು ಎನ್ನಬೇಕೊ ಉಳಿಸಿ ಎನ್ನಬೇಕೊ ಎಂಬ ವಿವಾದ ಕನ್ನಡಿಸುವವರ ನಡುವೆ ತೀರಿದಂತಿಲ್ಲ. ಇಂಗ್ಲಿಷಿನಲ್ಲಿ ಈ ಪ್ರಶ್ನೆಯೇ ಏಳದು, ಅಲ್ಲಿ ವಿಧಿರೂಪ ಒಂದೇ. ಕನ್ನಡದಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆಂಬುದು ಕ್ರಿಯಾಪದದಲ್ಲಿಯೇ ತಿಳಿಯುತ್ತದೆ. ಗುಂಡಿಯ ಮೇಲಿನ ಮಾತು ಬಳಕೆದಾರನು ಯಂತ್ರಕ್ಕೆ ಕೊಡುವ ಅಪ್ಪಣೆ. ಯಂತ್ರಕ್ಕೆ ಬಹುವಚನದ ಮರ್ಯಾದೆ ಸಲ್ಲಿಸಬೇಕಾದುದಿಲ್ಲ. ಸಹಾಯಪುಟದ ಮಾತಾದರೋ ಬರೆದವರು ಓದುವವರಿಗೆ ಹೇಳುವುದು. ಅಲ್ಲಿ 'ಒತ್ತಿರಿ', 'ತೆರೆಯಿರಿ' ಎಂಬುದೇ ಶಿಷ್ಟಾಚಾರ. ಆದ್ದರಿಂದ 'ಉಳಿಸು ಎಂಬುದನ್ನು ಒತ್ತಿರಿ' ಎಂದು ಒಂದೇ ವಾಕ್ಯದಲ್ಲಿ ಏಕವಚನ ಬಹುವಚನಗಳೆರಡೂ ಬರುವುದು ಅಸಂಬದ್ಧವಲ್ಲ, ಸುಸಂಬದ್ಧ. ಏಕರೂಪತೆಯ ಹೆಸರಿನಲ್ಲಿ ಎರಡನ್ನೂ 'ಇರಿ' ಮಾಡಿದರೆ ಗುಂಡಿ ಯಾವುದು, ಉಪದೇಶ ಯಾವುದೆಂಬುದು ಮಸುಕಾಗುತ್ತದೆ. ಆ ವಾಕ್ಯದಲ್ಲಿ 'ಎಂಬುದು' ಇರುವುದರಿಂದ ಗುಂಡಿಯ ಹೆಸರಿಗೆ ಉದ್ಧರಣಚಿಹ್ನೆಯನ್ನು ಹಾಕದಿದ್ದರೂ ನಡೆಯುತ್ತದೆಂಬುದನ್ನು ವಾಚಕರು ಗಮನಿಸಬೇಕು. ಮೇಲೆ ಹೇಳಿದ ಹಳೆಯ ಪದರವು ಇಲ್ಲಿ ತಾನಾಗಿಯೇ ಮೇಲಕ್ಕೆ ಬಂದಿದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ವಿಭಕ್ತಿಪ್ರತ್ಯಯದ ಗತಿ. ತಂತ್ರಾಂಶದ ವಾಕ್ಯಗಳಲ್ಲಿ ಕಡತದ ಹೆಸರು ಬರಬೇಕಾದ ಎಡೆಯನ್ನು ಖಾಲಿ ಬಿಟ್ಟಿರುತ್ತಾರೆ. ಓಡುವಾಗ ಯಂತ್ರವು ಹೆಸರನ್ನು ಅಲ್ಲಿ ತುಂಬುತ್ತದೆ. ಯಾವ ಹೆಸರು ಬರುವುದೆಂದು ಭಾಷಾಂತರಕಾರನಿಗೆ ತಿಳಿಯದು. ಹೀಗಾಗಿ ' "ವರದಿ" ಅನ್ನು ಅಳಿಸಬೇಕೆ? ' ಎಂಬಂಥ ವಾಕ್ಯಗಳು ಹುಟ್ಟಿದುವು. ವರದಿಯನ್ನು, ಲೆಕ್ಕವನ್ನು, ಊರನ್ನು ಎಂದು ಯಕಾರ ವಕಾರಗಳ ಆಗಮಸಂಧಿಯನ್ನು ಕೇಶಿರಾಜನಿಂದ ಕಲಿತ ಭಾಷೆಯಲ್ಲಿ 'ಅನ್ನು' ಎಂಬುದು ಉದ್ಧರಣಚಿಹ್ನೆಯ ಆಚೆ ಅನಾಥವಾಗಿ ನಿಂತಿರುವುದು ಕಿವಿಗೆ ಸಲ್ಲದು. ಚಿಹ್ನೆಯು ಇಲ್ಲಿ ಗೋಡೆಯಾಯಿತು. ಮದ್ದು ಮಾತ್ರ ಭಾಷೆಯಲ್ಲಿಯೇ ಇದೆ: 'ವರದಿ ಎಂಬ ಕಡತವನ್ನು ಅಳಿಸಬೇಕೆ?' ಎಂದರೆ ಹೆಸರು ಯಾವುದೇ ಬರಲಿ, ಪ್ರತ್ಯಯವು 'ಕಡತ'ಕ್ಕೆ ಹತ್ತುತ್ತದೆ, ಸಂಧಿ ಉಳಿಯುತ್ತದೆ. ಒಂದು ಪದ ಹೆಚ್ಚಾದರೂ ಒಳ್ಳೆಯ ಕನ್ನಡಿಗ ಭಾಷಾಂತರಕಾರನು ಈ ದಾರಿಯನ್ನೇ ಹಿಡಿಯಬೇಕು.

ಅಂಕಿಗಳ ನಡುವಿನ ಕೊಂಕಿನ ಬಗ್ಗೆ ಒಂದು ಮಾತು. ಲಕ್ಷವೆಂದರೆ 1,00,000, ಪಾಶ್ಚಾತ್ಯರಿಗೆ ಅದು 100,000. ಆದರೂ ಮೂಲದ ಕೊಂಕನ್ನು ಹಾಗೆಯೇ ಉಳಿಸಿಕೊಂಡ ಭಾಷಾಂತರಗಳು ಇಲ್ಲದಿಲ್ಲ. ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದ ಮೊತ್ತಗಳು ಬೇರೆಯಾದರೆ ಅಕ್ಷರದಲ್ಲಿ ಬರೆದುದೇ ಸಲ್ಲತಕ್ಕದ್ದೆಂದು 1881ರ ವರ್ಗಾವಣೀಯ ಪತ್ರಗಳ ಅಧಿನಿಯಮದ 18ನೆಯ ಪ್ರಕರಣ ವಿಧಿಸಿರುವುದು, ಕೊಂಕು ಚುಕ್ಕಿಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಬಲ್ಲವರ ವಿವೇಕ. ಯೂನಿಕೋಡ್ ಸಂಸ್ಥೆ ನಿರ್ವಹಿಸುವ ದೇಶಭಾಷಾ ದತ್ತಾಂಶದ ಪ್ರಕಾರ ಕನ್ನಡದಲ್ಲಿ ಸೊನ್ನೆಗೂ ಏಕವಚನವೇ ಸಲ್ಲುತ್ತದೆ. '0 ಕಡತ', '1 ಕಡತ', '2 ಕಡತಗಳು'. ಇಂಗ್ಲಿಷಿನಲ್ಲಿ ಸೊನ್ನೆಗೆ ಬಹುವಚನ.

ಇಷ್ಟೆಲ್ಲ ಶ್ರಮಿಸಿ ಕನ್ನಡಿಸಿದ ಪುಟವು ಒಂದೇ ಒಂದು ಕೊಂಕಿನಿಂದ ಮಾಯವಾಗಬಲ್ಲುದೆಂಬುದು ಈ ವಿಷಯದಲ್ಲಿ ಎಲ್ಲಕ್ಕಿಂತ ಗಂಭೀರವಾದ ಅಂಶ. ಮುಕ್ತ ತಂತ್ರಾಂಶದ ಭಾಷಾಂತರವು ಬಹುಮಟ್ಟಿಗೆ 1995ರಲ್ಲಿ ಹೊರಬಂದ 'ಗ್ನೂ ಗೆಟ್‌ಟೆಕ್ಸ್ಟ್' ಎಂಬ ಉಪಕರಣದ ಪದ್ಧತಿಯಲ್ಲಿ ನಡೆಯುತ್ತದೆ. ಒಂದು ಪಟ್ಟಿಯಲ್ಲಿ ಇಂಗ್ಲಿಷ್ ಮೂಲ, ಅದರ ಕೆಳಗೆ ಕನ್ನಡ. ಹೀಗೆ ಜೋಡಿ ಜೋಡಿಯಾಗಿ. ಜಮೆ ಖರ್ಚಿನ ಎರಡು ಪಾರ್ಶ್ವಗಳಂತೆ ಅವು ಒಂದಕ್ಕೊಂದು ಕೂಡಿಬರಬೇಕು. ಇಂಗ್ಲಿಷ್ ಮೂಲದಲ್ಲಿ ಯಾರಾದರೂ ಕಾಗುಣಿತವನ್ನು ತಿದ್ದಿದರೂ, ಕೊಂಕೊಂದನ್ನು ಸೇರಿಸಿದರೂ, ನೆಟ್ಟನೆಯ ಉದ್ಧರಣಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಮಾರ್ಪಡಿಸಿದರೂ ಯಂತ್ರದ ದೃಷ್ಟಿಯಲ್ಲಿ ಅದು ಹಳೆಯ ವಾಕ್ಯವಲ್ಲ. ಕನ್ನಡವನ್ನು ಅದು ಅಳಿಸುವುದಿಲ್ಲ. 'ಅನಿಶ್ಚಿತ' ಎಂಬ ಅರ್ಥದ ಗುರುತೊಂದನ್ನು ಅದರ ಮೇಲೆ ಹಾಕುತ್ತದೆ. ಆ ಗುರುತಿರುವ ವಾಕ್ಯಗಳನ್ನು ತಂತ್ರಾಂಶವನ್ನು ಸಿದ್ಧಪಡಿಸುವಾಗ ಸಾಮಾನ್ಯವಾಗಿ ಬಿಟ್ಟುಬಿಡಲಾಗುತ್ತದೆ. ಕನ್ನಡವನ್ನು ನಿರೀಕ್ಷಿಸಿ ಪುಟ ತೆರೆದವನಿಗೆ ಇಂಗ್ಲಿಷ್ ಎದುರಾಗುತ್ತದೆ. ಪಟ್ಟಿಗಳಲ್ಲಿ ಒಂದೆರಡು ಪದಗಳು ಹೀಗೆ ಹೋದರೆ ಹಾನಿ ಅಲ್ಪ. ಕೈಪಿಡಿ, ಸಹಾಯಪುಟಗಳಲ್ಲಾದರೋ ಒಂದಿಡೀ ಕಂಡಿಕೆಯೇ ಒಂದು ಘಟಕ. ಹತ್ತು ವಾಕ್ಯಗಳ ಕಂಡಿಕೆಯಲ್ಲಿ ಒಂದು ಕೊಂಕು ಬದಲಾದರೆ ಹತ್ತೂ ವಾಕ್ಯಗಳ ಕನ್ನಡ ಮರೆಯಾಗುತ್ತದೆ.

ಮೂರು ಬಿಡಿ ಚುಕ್ಕಿಗಳ ಬದಲು ಮೂರೂ ಸೇರಿದ ಒಂದೇ ಸಂಕೇತವನ್ನೂ, ನೆಟ್ಟನೆಯ ಉದ್ಧರಣಚಿಹ್ನೆಯ ಬದಲು ಬಾಗಿದುದನ್ನೂ ಬಳಸಬೇಕೆಂದು ಗ್ನೋಮಿನ ವಿನ್ಯಾಸಸೂತ್ರಗಳು ಹೇಳುತ್ತವೆ. ಮುದ್ರಣಸೌಂದರ್ಯದ ದೃಷ್ಟಿಯಿಂದ ಅದು ಯುಕ್ತವೇ. ಇಂಗ್ಲಿಷಿನ ವಾಚಕನಿಗೆ ಆ ತಿದ್ದುಪಡಿ ಗಮನಕ್ಕೂ ಬರುವುದಿಲ್ಲ. ಹಲವು ಕೈಗಳಿರುವ ಭಾಷೆಗಳು ಇಂಥ ಬದಲಾವಣೆಯನ್ನು ಒಂದು ವಾರದಲ್ಲಿ ಸರಿಪಡಿಸಿಕೊಳ್ಳುತ್ತವೆ. ಕನ್ನಡದಲ್ಲಿ ಕೆಲಸ ಮಾಡುವವರು ಬೆರಳೆಣಿಕೆಯವರು, ಅದೂ ಬಿಡುವಿನ ವೇಳೆಯಲ್ಲಿ. ರೆಡ್ ಹ್ಯಾಟ್ ಸಂಸ್ಥೆಯು ತನ್ನ ಲಿನಕ್ಸ್ ವ್ಯವಸ್ಥೆಯ ಐದನೆಯ ಆವೃತ್ತಿಯ ಮಾಲೆಯಲ್ಲಿ ಬಿಡುಗಡೆಯ ಟಿಪ್ಪಣಿಗಳನ್ನು ಕನ್ನಡದಲ್ಲಿಯೂ ಪ್ರಕಟಿಸಿತ್ತು. ವೇತನ ಪಡೆದು ಕನ್ನಡ ಮಾಡುವವರಿದ್ದಾಗ ಅಂಥದು ಸಾಧ್ಯವಾಯಿತು. ಸ್ವಯಂಸೇವಕರ ಮೇಲೆಯೇ ನಿಂತ ಯೋಜನೆಗೆ ಆ ಅನುಕೂಲವಿಲ್ಲ.

ಮುಂಬಯಿಯ ಕನ್ನಡಿಗರಿಗೆ ಇದರಿಂದಾಗುವ ನಷ್ಟ ಬೆಂಗಳೂರಿನವರದಕ್ಕಿಂತ ಬೇರೆಯಾದುದು. ಬೆಂಗಳೂರಿನಲ್ಲಿ ಫಲಕ, ಬಸ್ಸು, ನ್ಯಾಯಾಲಯ, ಎಲ್ಲೆಡೆಯೂ ಕನ್ನಡ ಕಣ್ಣಿಗೆ ಬೀಳುತ್ತದೆ; ಫೋನಿನಲ್ಲಿ ಅದು ಇಲ್ಲದಿದ್ದರೂ ಅಕ್ಷರ ಮರೆತುಹೋಗದು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕನ್ನಡ ಕಲಿತ ತಲೆಮಾರಿನ ಮೊಮ್ಮಕ್ಕಳು ಕುರ್ಲಾ, ಚೆಂಬೂರು, ಘಾಟ್ಕೋಪರ್‌ಗಳಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಪಾಲಿಕೆಯ ಕನ್ನಡ ಶಾಲೆಗಳು ಒಂದೊಂದಾಗಿ ಕ್ಷೀಣಿಸಿವೆ. ಬ್ಯಾಂಕಿನ ನಗದುಯಂತ್ರ ಇಲ್ಲಿ ಕೇಳುವುದು ಮರಾಠಿಯೊ ಹಿಂದಿಯೊ ಇಂಗ್ಲಿಷೊ ಎಂದು. ಇಂಥ ಮನೆಗಳಲ್ಲಿ ಕನ್ನಡ ಅಕ್ಷರ ದಿನನಿತ್ಯ ಕಾಣುವ ಎಡೆ ಉಳಿದಿದ್ದರೆ ಅದು ಕೈಯಲ್ಲಿರುವ ಫೋನು, ಮೇಜಿನ ಮೇಲಿರುವ ಗಣಕ. ಮೂರು ಸಾಲು ಕನ್ನಡ, ನಾಲ್ಕನೆಯದು ಇಂಗ್ಲಿಷ್ ಎಂದು ಬೆರೆತುಬರುವ ಪುಟವನ್ನು ಕಂಡವನು ಎರಡನೆಯ ಸಲ ಕನ್ನಡವನ್ನು ಆಯ್ದುಕೊಳ್ಳಲಾರ. ಬೇಸರದಿಂದ ಆಯ್ಕೆಯನ್ನು ಬದಲಿಸಿದ ಇಂಥ ಬಳಕೆದಾರರನ್ನು ಎಣಿಸಿ, ಕನ್ನಡಕ್ಕೆ ಬೇಡಿಕೆಯೇ ಇಲ್ಲವೆಂದು ನಿರ್ಣಯಿಸುವುದು ವ್ಯಾಪಾರಸ್ಥರಿಗೆ ಸುಲಭ.

ಈ ಅಪಾಯವನ್ನರಿತು ಗ್ನೋಮ್ ಯೋಜನೆಯವರು ಒಂದು ವಿಧಿಯನ್ನು ಮಾಡಿಕೊಂಡಿದ್ದಾರೆ. ಆರಾರು ತಿಂಗಳಿಗೊಮ್ಮೆ ಹೊರಬರುವ ಪ್ರತಿಯೊಂದು ಆವೃತ್ತಿಗೂ ಕೆಲವು ವಾರ ಮೊದಲು ವಾಕ್ಯಗಳನ್ನು ಸ್ಥಗಿತಗೊಳಿಸುತ್ತಾರೆ. ಅಲ್ಲಿಂದ ಮುಂದೆ ಭಾಷಾಂತರ ತಂಡದ ಒಪ್ಪಿಗೆಯಿಲ್ಲದೆ ಇಂಗ್ಲಿಷ್ ಮೂಲದಲ್ಲಿ ಒಂದು ಚುಕ್ಕಿಯನ್ನೂ ಅಲುಗಿಸುವಂತಿಲ್ಲ. ಕ್ಯಾಂಡಿಯ ಕಾಲದಲ್ಲಿ ಇಂಗ್ಲಿಷಿನ ಚಿಹ್ನೆಗೆ ದೇಶಭಾಷೆಯವರ ಅಪ್ಪಣೆ ಬೇಕಾಗಿರಲಿಲ್ಲ. ಆ ಕೆಲವು ವಾರಗಳ ಮಟ್ಟಿಗಾದರೂ ಈಗ ಬೇಕು. ಉಳಿದ ಅವಧಿಯಲ್ಲಿ ಹಳೆಯ ಮಾತೇ. ಕನ್ನಡದ ಭಾಗದಲ್ಲಿ ಬದಲಾಯಿಸಬೇಕಾದುದು ಏನೂ ಇಲ್ಲದಿದ್ದಾಗಲೂ ಯಾರಾದರೊಬ್ಬರು ಆ ಪಟ್ಟಿಯನ್ನು ತೆರೆದು, ಗುರುತು ಬಿದ್ದ ಒಂದೊಂದು ಕಂಡಿಕೆಯನ್ನೂ ಮೂಲದೊಡನೆ ಹೋಲಿಸಿ ಓದಿ, ವ್ಯತ್ಯಾಸವು ಕೊಂಕಿನದೇ ಹೊರತು ಅರ್ಥದ್ದಲ್ಲವೆಂದು ಖಚಿತಪಡಿಸಿಕೊಂಡು, ಗುರುತನ್ನು ತೆಗೆದು ಮರಳಿ ಕಳುಹಿಸಬೇಕು.